ಏಳನೇ ಗುಳಿಯ ಬೋಲ್ಟು

ಹ್ಯಾನ್‌ಕಾಕ್, ಮಿಷಿಗನ್
ಶುಕ್ರವಾರ, ಜೂನ್ 6

ಗರಾಜು ಸಂಸ್ಥಾನದ ಏಕೈಕ ಒಡೆಯರೂ, ನಾನೂರು ಶಾಲಾಮಕ್ಕಳ ಅನ್ನದಾತರೂ ಆದ ಶ್ರೀಮಾನ್ ಡೇಲ್ ಲಹ್ತಿಯವರ ಪಾದಗಳಿಗೆ (ಬೂಟಿಗೆ ಗ್ರೀಸ್ ಅಂಟಿದ್ದರೂ ಅಡ್ಡಿಯಿಲ್ಲ) ಅವರ ಒಬ್ಬಳೇ ಮಗಳು ಐಲಾ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಈ ಲಕೋಟೆ ಕಾರಿನ ವೈಪರ್ ಕೆಳಗೆ ಸಿಕ್ಕಿದ್ದರಿಂದ ಪೊಲೀಸರ ಚೀಟಿ ಇರಬಹುದೆಂದು ತಾವು ಗಾಬರಿಯಾಗಬಾರದು. ಶಿಕ್ಷೆ ಆಗಬೇಕಾದದ್ದು ಇದನ್ನು ಬರೆದವಳಿಗೆ. ಆರೋಪಿಯು ಇಪ್ಪತ್ತು ವರ್ಷದವಳು, ಹಿಂದೆಯೂ ಹಲವು ಪ್ರಕರಣಗಳಲ್ಲಿ ಸಿಕ್ಕಿಬಿದ್ದವಳು. ಫ್ರಿಜ್ಜಿನ ಮೊಟ್ಟೆಗಳಿಗೆಲ್ಲ ಪ್ಲಾಸ್ಟಿಕ್ ಕಣ್ಣು ಅಂಟಿಸಿದವಳು ಇವಳೇ. ಆ ಸಲ ತಾವು ಆ ಮೊಟ್ಟೆಗಳನ್ನು ಕಣ್ಣು ಸಮೇತ ಬೇಯಿಸಿ, ತಟ್ಟೆಯಲ್ಲಿ ನನ್ನತ್ತ ಮುಖ ಮಾಡಿಸಿ ಇಟ್ಟು, ಏನೂ ಆಗಿಲ್ಲವೆಂಬಂತೆ ಕಾಫಿ ಕುಡಿದಿರಿ.

ಈ ಸಲ ಹಾಗೆ ಮುಗಿಯಲಿಲ್ಲ.

ಅಪ್ಪ, ಈ ನಾಟಕದ ಭಾಷೆ ನನ್ನಿಂದ ಇನ್ನು ಮುಂದಕ್ಕೆ ಹೋಗುತ್ತಿಲ್ಲ. ನಾಳೆ ಹತ್ತು ಗಂಟೆಗೆ ಗುಜರಿಯವನು ಬಂದು ಈ ಹಸಿರು ಕಾರನ್ನು ಎಳೆದುಕೊಂಡು ಹೋಗುತ್ತಾನೆ. ಅಷ್ಟರೊಳಗೆ ನಾನು ಹೇಳಲೇಬೇಕು. ನಿನ್ನ ಮುಖ ನೋಡಿಕೊಂಡು ಹೇಳೋಣವೆಂದು ಐದು ದಿನ ಪ್ರಯತ್ನಪಟ್ಟೆ. ಪ್ರತಿಸಲವೂ ಬಾಯಿಂದ ಬಂದದ್ದು "ಉಪ್ಪು ಕೊಡಪ್ಪ" ಎಂಬ ಮಾತೇ. ಈ ವಾರ ನಾನು ತಿಂದ ಉಪ್ಪು ನಿನ್ನ ಶಾಲೆಯ ಅಡುಗೆಮನೆಗೆ ಒಂದು ತಿಂಗಳಿಗೆ ಸಾಕು.

ಮಾರ್ಚಿನಲ್ಲಿ ಕ್ಲಚ್ ಜಾರತೊಡಗಿ, ಎಂಜಿನ್ ಕಿರುಚಿದರೂ ಕಾರು ಕ್ವಿನ್ಸಿ ಗುಡ್ಡ ಹತ್ತದೆ ಹೋದಾಗ ಮೆಕ್ಯಾನಿಕ್ ಏನೆಂದ ನೆನಪಿದೆಯಾ? "ಈ ತುಕ್ಕಿನ ಡಬ್ಬಕ್ಕೆ ಹೊಸ ಕ್ಲಚ್ಚಾ, ಡೇಲ್? ಸುಮ್ನೆ ಬಿಟ್ಬಿಡಿ." ನೀನು ಅಲ್ಲೇ ನಿಂತು, "ಹಾಗಾದ್ರೆ ನಾನೇ ಹಾಕ್ತೀನಿ" ಅಂದೆ. ಅಂದದ್ದು ಅವನಿಗಾದರೂ ಸುದ್ದಿ ಮಾರ್ಕೆಟ್ ಪಟ್ಟಣದಲ್ಲಿರುವ ನಿನ್ನ ಅಕ್ಕ ಹೆಲ್ಮಿ ಅತ್ತೆಗೆ ಅದೇ ಸಂಜೆ ಮುಟ್ಟಿತು. ಫೋನಿನಲ್ಲಿ ಅವಳು ನಕ್ಕದ್ದು ನನಗೆ ಮಹಡಿಯ ಮೇಲಕ್ಕೂ ಕೇಳಿಸಿತು. "ನೀನಾ? ಹಿತ್ತಲಲ್ಲಿ ನಿನ್ನ ದೋಣಿ ಅರ್ಧಕ್ಕೆ ನಿಂತು ಹನ್ನೊಂದು ವರ್ಷ ಆಯ್ತಲ್ಲೋ. ಮೊದ್ಲು ಅದಕ್ಕೊಂದು ತಳ ಹಾಕು."

ನೀನು ಪುಟ್ಟ ಕೇಕು ಬೇಯಿಸುವ ಹಳೆಯ ಮಫಿನ್ ತಟ್ಟೆ ತಂದು, ಅದರ ಹನ್ನೆರಡು ಗುಳಿಗಳಿಗೂ ಟೇಪ್ ಅಂಟಿಸಿ ನಂಬರ್ ಬರೆದೆ. "ಅಡುಗೆಯಲ್ಲಿ ಎಲ್ಲಾ ಮೊದ್ಲೇ ಅಳೆದು ಇಟ್ಕೋತೀವಲ್ಲ, ಇದೂ ಹಾಗೇ. ಬಿಚ್ಚಿದ್ದು ಒಂದರಿಂದ ಹನ್ನೆರಡು, ಹಾಕೋದು ಹನ್ನೆರಡರಿಂದ ಒಂದು. ಗುಳಿ ಖಾಲಿಯಾದ್ರೆ ಕೆಲಸ ಆಯ್ತು." ಮೇ ತಿಂಗಳಲ್ಲಿ ಮೂರು ಶನಿವಾರ ನೀನು ಕಾರಿನ ಕೆಳಗೆ ಮಲಗಿದೆ. ಹಿಮ ಕರಗಿಸಲು ಉಪ್ಪು ಸುರಿದ ರಸ್ತೆಗಳಲ್ಲಿ ಹದಿನೆಂಟು ಚಳಿಗಾಲ ಓಡಿ ಕಚ್ಚಿಕೊಂಡಿದ್ದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಕಾದು, ಮತ್ತೆ ಎಣ್ಣೆ ಬಿಟ್ಟೆ. ಗೇರ್‌ಬಾಕ್ಸನ್ನು ಜಾಕಿನ ಮೇಲೆ ತೊಟ್ಟಿಲ ಕೂಸಿನಂತೆ ಇಳಿಸಿದೆ. ಟಾರ್ಚ್ ಹಿಡಿದವಳು ನಾನು. "ಎಡಕ್ಕೆ ಕಣೇ. ನನ್ನ ಎಡ ಅಲ್ಲ, ಕಾರಿನ ಎಡ."

ಹೋದ ಶನಿವಾರ ಮಧ್ಯಾಹ್ನ ಕಾರು ಹೊರಟಿತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನು ಕ್ವಿನ್ಸಿ ಗುಡ್ಡ ಹತ್ತಿಸಿದೆ. ಒಂದೊಂದು ಗೇರ್ ಬದಲಿಸಿದಾಗಲೂ, "ಬೆಣ್ಣೆ ಕಣೇ, ಬೆಣ್ಣೆ" ಅಂದೆ. ನೀನು ಅಷ್ಟು ಎತ್ತರವಾಗಿ ಕುಳಿತದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದವನೇ ಒಳಗೆ ಹೋಗಿ ಅತ್ತೆಗೆ ಫೋನ್ ಹಚ್ಚಿದೆ. "ಮುಂದಿನ ಭಾನುವಾರ ನಿನ್ನ ಅರವತ್ತರ ಹುಟ್ಟುಹಬ್ಬಕ್ಕೆ ಈ ಕಾರಲ್ಲೇ ಬರ್ತೀನಿ, ಹೆಲ್ಮಿ. ಹೌದು, ಪೂರ್ತಿ ಮುಗ್ಸಿದ್ದೀನಿ. ನೀನೇ ಬಂದು ಪೆಡಲ್ ಒತ್ತಿ ನೋಡು."

ಆ ಮೂರು ನಿಮಿಷದಲ್ಲಿ ನಾನು ಏಳನೇ ಗುಳಿಯೊಳಗೆ ಒಂದು ಬೋಲ್ಟು ಹಾಕಿದೆ.

ಏಳು ಅಂದರೆ ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಆರು ಬೋಲ್ಟುಗಳ ಗುಳಿ. ತುಂಬ ಒಳಗಿನದು, ನೋಡಬೇಕೆಂದರೆ ಮತ್ತೆ ಗೇರ್‌ಬಾಕ್ಸ್ ಇಳಿಸಲೇಬೇಕಾದದ್ದು. ಅದೇ ದಪ್ಪ, ಅದೇ ಉದ್ದದ ಒಂದನ್ನು ಹುಡುಕಿ ತಂದಿದ್ದೆ. ನನ್ನ ಲೆಕ್ಕದಲ್ಲಿ ನೀನು ಎರಡು ನಿಮಿಷ ತಲೆ ಕೆರೆದುಕೊಳ್ಳಬೇಕು, ನಾನು ಬಾಗಿಲ ಹಿಂದಿನಿಂದ ನಗುತ್ತ ಬರಬೇಕು, ನೀನು ಎಣ್ಣೆಬಟ್ಟೆಯನ್ನು ನನ್ನ ಮುಖಕ್ಕೆ ಎಸೆಯಬೇಕು.

ನೀನು ತಟ್ಟೆ ಎತ್ತಿದೆ. ಬೋಲ್ಟನ್ನು ಅಂಗೈಯಲ್ಲಿ ಹೊರಳಿಸಿದೆ. ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತು ಬೆರಳು ಮಡಚಿ ಏನನ್ನೋ ಎಣಿಸಿದೆ. ನಗಲು ಸಿದ್ಧಳಾಗಿ ನಾನು ಬಾಗಿಲಿಂದ ಹೊರಬಂದೆ. ನೀನು ತಲೆಯೆತ್ತಿ ಮೆಲ್ಲಗೆ ಹೇಳಿದೆ, "ಐಲಾ, ನಿನ್ನನ್ನ ಕೂರಿಸ್ಕೊಂಡು ಗುಡ್ಡದಿಂದ ಇಳಿಸಿದೆನಲ್ಲೇ ನಾನು. ಅಲ್ಲಿ ಇದೆಲ್ಲ ಕಳಚಿ ಬಿದ್ದಿದ್ರೆ?"

ನಾನು ಏನೆಂದೆ ಗೊತ್ತಲ್ಲ. "ಏನಾಯ್ತಪ್ಪ?" ಅಂದೆ. ಕಣ್ಣರಳಿಸಿಕೊಂಡು, ಚೆನ್ನಾಗಿಯೇ ಅಂದೆ. ನನ್ನ ಇಷ್ಟು ವರ್ಷದ ಅಭ್ಯಾಸವೆಲ್ಲ ಆ ಒಂದು ಮಾತಿಗೆ ಒದಗಿತು. ಅದನ್ನು ನೆನೆದಾಗಲೆಲ್ಲ ಕಿವಿಯವರೆಗೂ ಬಿಸಿಯಾಗುತ್ತದೆ.

ಆ ಸಂಜೆ ನೀನು ಹಬೆಸ್ನಾನಕ್ಕೆ ಸೌನಾ ಕಾಯಿಸಲಿಲ್ಲ. ಶನಿವಾರ ಸೌನಾ ಕಾಯಿಸದ ಲಹ್ತಿಗಳ ಮನೆಯನ್ನು ನೋಡಿ ಪಕ್ಕದ ನಿಯೆಮಿ ತಾತ ಬೇಲಿಯ ಆಚೆಯಿಂದ, "ಯಾರಾದ್ರೂ ತೀರ್ಕೊಂಡ್ರಾ?" ಎಂದು ಕೇಳಿದ. ನೀನು "ಸೌದೆ ಹಸಿಯಾಗಿದೆ" ಎಂದೆ. ಆಮೇಲೆ ಅತ್ತೆಗೆ ಫೋನ್ ಮಾಡಿ, ನೆಗಡಿ, ಹುಟ್ಟುಹಬ್ಬಕ್ಕೆ ಬರಲಾಗದು ಎಂದೆ. ಅವಳು, "ನಂಗೊತ್ತಿತ್ತು ಬಿಡು" ಎಂದದ್ದೂ ನನಗೆ ಕೇಳಿಸಿತು. ಭಾನುವಾರ ಹುಲ್ಲು ಕತ್ತರಿಸಲು ಹೋದರೆ ಯಂತ್ರದ ಹಿಡಿ ಒಂದು ಬದಿ ಕಳಚಿ ನಿನ್ನ ಕೈಗೆ ಬಂತು. ಅದನ್ನು ಅಲ್ಲೇ ಮಲಗಿಸಿ, "ನನ್ನ ಕೈಗೇ ಏನೋ ಆಗಿದೆ" ಅಂದೆ. ಅಂಗಳ ಇವತ್ತಿಗೂ ಅರ್ಧ ಕ್ಷೌರ ಮಾಡಿಸಿಕೊಂಡವರ ತಲೆಯಂತಿದೆ. ಸೋಮವಾರ ನೀನು ಗುಜರಿಯವನಿಗೆ ಕಾರು ಒಯ್ಯಲು ಹೇಳಿದೆ. ಮತ್ತೆ ಬಿಚ್ಚಿ ನೋಡು ಎಂದು ನಾನು ಅಂದಾಗ, "ಬಿಚ್ಚಿದ್ರೆ ಹಾಕೋನೂ ನಾನೇ ತಾನೆ" ಎಂದೆ.

ಅಪ್ಪ, ಆರು ಬೋಲ್ಟುಗಳೂ ಒಳಗೇ ಇವೆ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಒಂದೊಂದರ ತಲೆಗೂ ನೀನೇ ಬಿಳಿ ಬಣ್ಣದ ಗುರುತು ಹಾಕಿದ್ದೆ. ನನ್ನ ಮಾತು ನಂಬಲು ನಿನಗೆ ಯಾವ ಕಾರಣವೂ ಇಲ್ಲ ಎಂದು ನನಗೆ ಗೊತ್ತು. ಅದಕ್ಕೇ ಫೋಟೋ ಇಟ್ಟಿದ್ದೇನೆ. ನೀನು ನಾಲಿಗೆ ಹೊರಚಾಚಿಕೊಂಡು ಬಿಗಿಯುತ್ತಿದ್ದಾಗ, ಅತ್ತೆಗೆ ಕಳಿಸಿ ನಗಿಸೋಣವೆಂದು ಟಾರ್ಚ್ ಹಿಡಿದ ಕೈಯಿಂದಲೇ ತೆಗೆದದ್ದು. ನಿನ್ನ ನಾಲಿಗೆಯ ಪಕ್ಕದಲ್ಲಿ ಎಣಿಸಿಕೋ. ಆರು ಗುರುತುಗಳಿವೆ.

ಗುಜರಿಯವನಿಗೆ ನಿನ್ನ ದನಿಯಲ್ಲಿ ಫೋನ್ ಮಾಡಿ ಬರಬೇಡ ಎನ್ನಬಹುದಿತ್ತು. ನಿನ್ನ ದನಿ ನನಗೆ ಚೆನ್ನಾಗಿಯೇ ಬರುತ್ತದೆ. ಕೈಗೆತ್ತಿಕೊಂಡ ಫೋನನ್ನು ಕೆಳಗಿಟ್ಟೆ. ಆ ಮಾತು ನೀನೇ ಹೇಳಬೇಕು. ಭಾನುವಾರ ಅತ್ತೆಯ ಊರಿಗೆ ಹೊರಟರೆ ಪಕ್ಕದ ಸೀಟಿನಲ್ಲಿ ನಾನು ಕೂರುತ್ತೇನೆ, ಗುಡ್ಡ ಇಳಿಯುವಾಗಲೂ. ಅತ್ತೆಗೆ ನಡೆದದ್ದನ್ನು ನಾನೇ ಹೇಳುತ್ತೇನೆ. ಅವಳು ನಗುವಷ್ಟು ನಗಲಿ, ಈ ಸಲ ನನ್ನನ್ನು ನೋಡಿ.

ನಾಚಿಕೆಯಿಂದ,
ನಿನ್ನ
ಐಲಾ

ತಾ. ಕ.: ಅಡುಗೆಮನೆಯ ಕಿಟಕಿಯಲ್ಲಿ ನೀನು ಇಟ್ಟುಕೊಂಡು ದಿನಾ ನೋಡುತ್ತಿದ್ದ ಬೋಲ್ಟು ಈ ಲಕೋಟೆಯ ತಳದಲ್ಲಿದೆ. ಅದು ಹುಲ್ಲಿನ ಯಂತ್ರದ ಹಿಡಿಯದು. ನಿನ್ನ ಕೈಗೆ ಏನೂ ಆಗಿಲ್ಲಪ್ಪ. ಸಂಜೆ ಬಂದ ಮೇಲೆ ಅದನ್ನು ನಾನು ಹಾಕುತ್ತೇನೆ, ನೀನು ಟಾರ್ಚ್ ಹಿಡಿ.