ಮೂಲೆ ಮಡಚದ ಚೀಟಿ

ವಾಡಿಯ ಟೇಲರ್ ಮಜೀದಸಾಬರಿಗೆ ಶಹಾಬಾದಿನಿಂದ ಮುನ್ಶಿ ಧರ್ಮಣ್ಣನ ಸಲಾಮು.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವನ್ಯಾಕೆ ಕಾಗದ ಬರೆದ ಅಂತ ನೀವು ನಗುತ್ತೀರಿ. ನಗಿರಿ. ಫೋನಿನಲ್ಲಿ ನಿಮ್ಮ "ಆರಾಮದೀರೇನ್ರಿ ಮುನ್ಶಿ" ಕೇಳಿದ ಕೂಡಲೇ ನನ್ನ ಮಾತು ಬೇರೆ ಕಡೆ ಹೊರಳುತ್ತದೆ. ನಾಲ್ಕು ಸಲ ಹೇಳಲು ಹೊರಟೆ, ನಾಲ್ಕು ಸಲವೂ ಬಿಸಿಲು, ತೊಗರಿ, ರೈಲು ತಡ ಅಂತ ಹರಟಿ ಇಟ್ಟುಬಿಟ್ಟೆ. ನೀವು ಏಳನೆಯ ತನಕ ಕನ್ನಡ ಶಾಲೆ ಕಲಿತವರು, ಓದಿಸಿಕೊಳ್ಳಲು ಬೇರೆಯವರು ಬೇಕಿಲ್ಲ. ಒಬ್ಬರೇ ಇದ್ದಾಗ ಓದಿರಿ.

ನಮ್ಮ ದೋಸ್ತಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಜಾಗದಿಂದ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ಹೈದರಾಬಾದಿನ ರೈಲಿನಲ್ಲಿ ಸೀಟು ಖಾಲಿ ಇದ್ದರೂ ನಾನು ಬಾಗಿಲ ಬಳಿ ನಿಂತಿದ್ದೆ. ವಾಡಿಯಲ್ಲಿ ಹತ್ತಿದ ನೀವೂ ನಿಂತೇ ಇದ್ದಿರಿ. ಚಿತ್ತಾಪುರ ದಾಟಿದ ಮೇಲೆ ನೀವೇ ಕೇಳಿದಿರಿ, "ಯಾಕ್ರಿ, ನಿಮಗೂ ಕುಂದರ್ಲಾಕ ಆಗಲ್ದೇನ್ರಿ?" ಇಬ್ಬರೂ ವರ್ಷಗಟ್ಟಲೆ ಮೂಲವ್ಯಾಧಿ ಅಂತ ಮುಚ್ಚಿಟ್ಟುಕೊಂಡು, ಕಡೆಗೆ ಗುದನಾಳದ ಕ್ಯಾನ್ಸರ್ ಅಂತ ಚೀಟಿ ಬರೆಸಿಕೊಂಡವರು. ಇಬ್ಬರೂ ಒಂದೇ ಆಸ್ಪತ್ರೆಗೆ ಹೊರಟವರು. ಸೇಡಂ ಬರುವಷ್ಟರಲ್ಲಿ ಹೆಂಡತಿಗೂ ಹೇಳದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು.

ಅಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿ ತಿಳಿಸಿ ಹೇಳಿದರು. ಹಳೆಯ ದಾರಿ ಅಂದರೆ ರೇಡಿಯೇಷನ್ನಿನ ಕರೆಂಟು ಕೊಟ್ಟು, ಆಮೇಲೆ ಆಪರೇಷನ್. ಗಡ್ಡೆ ತೀರ ಕೆಳಗಿರುವುದರಿಂದ ಹಾದಿಯನ್ನೇ ಮುಚ್ಚಿ, ಹೊಟ್ಟೆಯ ಮೇಲೆ ಸಾಯುವ ತನಕ ಮಲಕ್ಕೆ ಒಂದು ಚೀಲ. ಹೊಸ ದಾರಿಯಲ್ಲಿ ಕರೆಂಟಿನ ಜೊತೆ ಔಷಧಿಯನ್ನು ಹೆಚ್ಚು ತಿಂಗಳು ಕೊಡುತ್ತಾರೆ. ಗಡ್ಡೆ ಪೂರ್ತಿ ಕರಗಿದರೆ ಕೊಯ್ಯುವುದಿಲ್ಲ, ಮೂರು ತಿಂಗಳಿಗೊಮ್ಮೆ ನೋಡುತ್ತ ಹೋಗುತ್ತಾರೆ. ಒಪ್ಪಿ ಸಹಿ ಮಾಡಿದವರಲ್ಲಿ ಯಾರಿಗೆ ಯಾವ ದಾರಿ ಅಂತ ಕಂಪ್ಯೂಟರು ಚೀಟಿ ಎತ್ತುತ್ತದೆ. "ಇದರಾಗ ಛಲೋದು ಯಾವ್ದರಿ?" ಅಂತ ನೀವು ಕೇಳಿದಿರಿ. ಅದು ನಮಗೂ ಗೊತ್ತಿಲ್ಲ, ಗೊತ್ತಿದ್ದರೆ ಈ ಪರೀಕ್ಷೆಯೇ ಬೇಕಿರಲಿಲ್ಲ ಅಂದರು ಡಾಕ್ಟರು. ನನ್ನ ಕಿವಿಗೆ ಅದು ಬೀಳಲಿಲ್ಲ. ಚೀಲ ಇಲ್ಲದ್ದೇ ಛಲೋದು ಅಂತ ನಾನು ಆಗಲೇ ಗಂಟು ಹಾಕಿಕೊಂಡಿದ್ದೆ.

ಚೀಟಿ ಅಂದರೆ ನನಗೆ ಹೊಸದಲ್ಲವಲ್ಲ. ಇಪ್ಪತ್ತೆರಡು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುವ ಮುನ್ಶಿ ಆಗಿದ್ದವನು ನಾನು. ಗಣಿಯಲ್ಲಿ ಒಂದು ಕಡೆ ಕಲ್ಲು ಪದರಪದರವಾಗಿ ಏಳುತ್ತದೆ, ಇನ್ನೊಂದು ಕಡೆ ಹಾರೆ ಹಾಕಿದರೆ ಚೂರಾಗುತ್ತದೆ, ಮತ್ತೊಂದು ಕಡೆ ನೀರು ಒಸರುತ್ತದೆ. ಯಾರಿಗೆ ಯಾವ ಜಾಗ ಅಂತ ಹದಿನೈದು ದಿನಕ್ಕೊಮ್ಮೆ ಚೀಟಿ. ಬರೆಯುವವನೂ ನಾನೇ, ಡಬ್ಬಿಗೆ ಹಾಕುವವನೂ ನಾನೇ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ, ಯಾರ ಕೈಗೆ ಪೆಟ್ಟಾಗಿದೆಯೋ, ಅವನಿಗಾಗಿ ಒಳ್ಳೆಯ ಜಾಗದ ಚೀಟಿಯ ಮೂಲೆಯನ್ನು ಸಣ್ಣಗೆ ಮಡಚಿಡುತ್ತಿದ್ದೆ. ಅವನು ಬೆರಳಾಡಿಸಿ ಅದನ್ನೇ ಎತ್ತುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾಳೆ ತಮ್ಮ ಮನೆಯಲ್ಲೂ ಬಾಣಂತಿ ಇರಬಹುದಲ್ಲ. ಆದರೆ ಅದಕ್ಕೊಂದು ಕಟ್ಟು ಇತ್ತು: ಮುನ್ಶಿ ತನಗಾಗಲಿ ತನ್ನವರಿಗಾಗಲಿ ಮೂಲೆ ಮಡಚಬಾರದು. ನನ್ನ ಒಡಹುಟ್ಟಿದ ತಮ್ಮ ಕಪಿಲ ಒಂದು ಮಳೆಗಾಲವಿಡೀ ನೀರಿನ ಜಾಗದಲ್ಲೇ ನಿಂತು ಕಾಲು ಕೊಳೆಸಿಕೊಂಡ. ಆಗಲೂ ನಾನು ಮಡಚಲಿಲ್ಲ. ಬದುಕಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳಲು ನನಗೆ ಇದ್ದದ್ದು ಅದೊಂದೇ.

ಆಸ್ಪತ್ರೆಯಲ್ಲಿ ನಮ್ಮ ಹೆಸರನ್ನು ಕಂಪ್ಯೂಟರಿಗೆ ಹಾಕುವ ಹುಡುಗಿ ಫಿರ್ದೋಸ್ ನಿಮಗೆ ನೆನಪಿದ್ದಾಳೆ, ಚಿತ್ತಾಪುರದವಳು. ಕಂಪ್ಯೂಟರಿನ ಹಿಂದೆಯೂ ಒಬ್ಬ ಮುನ್ಶಿ ಇದ್ದೇ ಇರುತ್ತಾನೆ ಅಂತ ನಾನು ಲೆಕ್ಕ ಹಾಕಿದೆ. ಚೀಟಿ ಎತ್ತುವ ದಿನ ಐದು ಸೇರು ಹೊಸ ತೊಗರಿಬೇಳೆ ಕಟ್ಟಿಸಿಕೊಂಡು ಹೊರಟೆ. ಆಡಕಿಯಲ್ಲಿರುವ ಅಳಿಯನ ಹೊಲದ್ದು. ನೀವು ರಕ್ತ ಕೊಡಲು ಹೋದ ಹೊತ್ತು ನೋಡಿ, ಆ ಹುಡುಗಿಯ ಮೇಜಿನ ಕೆಳಗೆ ಚೀಲ ಸರಿಸಿ ಅಂದೆ, "ಬೇಟಿ, ನಂದೊಂದು ಚೀಟಿ ಮೂಲಿ ಮಡಚಿ ಇಡವ್ವ. ಹೊಸ ಇಲಾಜು ನನಗ ಬರ್ಲಿ." ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೂ ಸಿಟ್ಟು ಮಾಡಲಿಲ್ಲ. "ಕಾಕಾ, ನಾ ಬರೇ ಬಟನ್ ಒತ್ತತೀನ್ರಿ. ಯಾರಿಗಿ ಏನ್ ಬರ್ತದ ನನಗೂ ಮೊದ್ಲ ಕಾಣಲ್ಲ, ಡಾಕ್ಟರಿಗೂ ಕಾಣಲ್ಲ. ಬ್ಯಾಳಿ ವಾಪಸ್ ಒಯ್ಯಿರಿ," ಅಂದಳು. ನಾನು ಕೇಳಿಸದವನಂತೆ ಎದ್ದು ಬಂದೆ.

ಮಜೀದಸಾಬರೇ, "ನಮ್ಮಿಬ್ಬರದು" ಅಂತ ನನ್ನ ಬಾಯಲ್ಲಿ ಬರಲಿಲ್ಲ. "ನಂದೊಂದು" ಅಂದೆ. ಅದೇ ಬೆಳಿಗ್ಗೆ ಮಳಖೇಡ ದಾಟುವಾಗ ನೀವು ಕಿಟಕಿಯ ಕಡೆ ಮುಖ ಮಾಡಿ, "ಚೀಲ ಕಟ್ಟಿಕೊಂಡ್ರ ನಮಾಜಿಗಿ ಹ್ಯಾಂಗ ನಿಂದರ್ಲಿ ಮುನ್ಶಿ?" ಅಂತ ಕೇಳಿದ್ದಿರಿ. ಅದನ್ನು ಕೇಳಿದ ಕಿವಿ ಇನ್ನೂ ತಣ್ಣಗಾಗಿರಲಿಲ್ಲ. ಗಣಿಯಾಗಿದ್ದರೆ ಮೂಲೆ ಮಡಚಿದ ಚೀಟಿ ನಿಮ್ಮದು.

ಮಧ್ಯಾಹ್ನ ಅವಳು ಬಟನ್ ಒತ್ತಿದಳು. ನನಗೆ ಹೊಸದು ಬಂತು, ನಿಮಗೆ ಹಳೆಯದು. ಅವಳು ಏನೂ ಮಾಡಲಿಲ್ಲ, ಅದು ನನಗೆ ಗೊತ್ತು. ಸಂಜೆಯ ರೈಲಿಗೆ ನೀವು ಹೆಗಲ ಮೇಲೆ ಚೀಲ ಹೊತ್ತು ಬಂದಿರಿ. "ಮುನ್ಶಿ, ಬ್ಯಾಳಿ ಮರ್ತು ಬಂದೀರಿ ನೋಡ್ರಿ, ಆ ಹುಡುಗಿ ಕೊಟ್ಟು ಕಳಿಸ್ಯಾಳ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಥಟ್ಟನೆ ಸುಳ್ಳು ಬಂತು: "ಅದು ನಿಮಗಂತೇ ತಂದಿದ್ದೆನ್ರಿ ಸಾಬ್ರೇ." ನಿಮ್ಮ ಕಣ್ಣು ತುಂಬಿತು. "ಇಂಥಾ ದಿನದಾಗೂ ನನ್ನ ನೆನಸೀರಿ. ನಾ ಒಂದು ಮಾತು ಹೇಳ್ತೀನ್ರಿ, ಹೊಸಾದು ನಿಮಗೇ ಬರ್ಲಿ ಅಂತ ನಾ ದುವಾ ಮಾಡಿದ್ದೆ. ನಿಮ್ದು ನಾಕು ಮಂದ್ಯಾಗ ಓಡಾಡೋ ಕೆಲಸ. ನಂದೇನ್ರಿ, ಮಿಷೀನ್ ಹಿಂದ ಕುಂದ್ರಾಂವ." ಆ ಮಾತು ಕೇಳಿದ ಮೇಲೆ ನಾನು ವಾಡಿಯ ತನಕ ನಿಮ್ಮ ಮುಖ ನೋಡಲಿಲ್ಲ. ಹೊಸದು ನಿಮಗೆ ಬಾರದೆ ನನಗೆ ಬಂದದ್ದಕ್ಕೆ ಸಂಕಟವೆಂದು ನೀವು ತಿಳಿದು, ನನಗೇ ಸಮಾಧಾನ ಹೇಳಿದಿರಿ.

ನಿಮ್ಮ ಆಪರೇಷನ್ ಆದ ಮೇಲೆ ನೋಡಲು ಬಂದಾಗ ನಿಮ್ಮ ಮನೆಯವರು ಅದೇ ಬೇಳೆ ಬೇಯಿಸಿ ಬಡಿಸಿದರು. "ನಿಮ್ಮ ಬ್ಯಾಳಿ ಭಾಳ ಛಲೋ ಕುದಿತದರಿ ಭಾಯಿ" ಅಂದರು. ಎರಡು ಸಲ ಹಾಕಿಸಿಕೊಂಡೆ. ಬೇಡ ಅನ್ನಲು ಯಾವ ಕಾರಣ ಕೊಡಲಿ? ಅವತ್ತು ನೀವು ಹಳೆಯ ಅಂಗಿಯ ಬಟ್ಟೆಯಲ್ಲಿ ಚೀಲಕ್ಕೆ ಹೊಲಿದುಕೊಂಡ ಲಾಡಿಯ ಗವಸು ತೋರಿಸಿದಿರಿ. ಮೌಲ್ವಿಗಳು ಅಡ್ಡಿಯಿಲ್ಲ ಅಂದರೂ, ಮಸೀದಿಯಲ್ಲಿ ಮೊದಲ ಸಾಲು ಬಿಟ್ಟು ಬಾಗಿಲ ಬಳಿ ಕಡೆಯ ಸಾಲಿನಲ್ಲಿ ನಿಲ್ಲುತ್ತೇನೆ ಅಂತ ನಗುತ್ತ ಹೇಳಿದಿರಿ. ಆ ನಗು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ನನ್ನ ಗಡ್ಡೆ ಕರಗಿತು. ಓಣಿಯವರು ನಸೀಬದಾರ ಅಂದರು. ಎಲ್ಲಿಗೂ ಓಡಲಾಗದ ನಸೀಬು ಇದು. ಮೂರು ತಿಂಗಳಿಗೊಮ್ಮೆ ಅದೇ ರೈಲು, ಅದೇ ಮೇಜು, ಅದೇ ಫಿರ್ದೋಸ್. ಅವಳು ಇವತ್ತಿಗೂ ಆ ಬೇಳೆಯ ಮಾತು ಎತ್ತಿಲ್ಲ, "ಕಾಕಾ ಬರ್ರಿ, ಕುಂದ್ರಿ" ಅನ್ನುತ್ತಾಳೆ. ಹೋದ ವಾರ ಡಾಕ್ಟರಿಗೆ ಹಳೆಯ ಜಾಗದಲ್ಲೇ ಸಣ್ಣದೊಂದು ಗಂಟು ಕಂಡಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಬರುವ ಗುರುವಾರ ಬಂದು ಕೇಳಿಕೊಂಡು ಹೋಗು ಅಂದಿದ್ದಾರೆ. ಮತ್ತೆ ಬಂದಿದ್ದರೆ ನನಗೂ ಆಪರೇಷನ್, ನನಗೂ ಚೀಲ. ನನ್ನ ಹೆಂಡತಿ ಲಾಲಮ್ಮನಿಗೆ ಇನ್ನೂ ಹೇಳಿಲ್ಲ.

ಅತ್ತ ದರಿ, ಇತ್ತ ಪುಲಿ. ಏನೂ ಇಲ್ಲ ಅಂದರೆ ನಿಮಗೆ ಹ್ಯಾಗೆ ಮುಖ ತೋರಿಸಲಿ? ಇದೆ ಅಂದರೆ, ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು, ಚೀಲ ಕಟ್ಟಿಕೊಂಡು ನಿಮ್ಮ ಬಾಗಿಲಿಗೇ ಓಡಿ ಬರುತ್ತೇನೆ ಅನ್ನುವುದೂ ನನಗೆ ಗೊತ್ತು. ಆಗ ಈ ಮಾತು ಹೇಳಿದರೆ ನೀವು ಕ್ಷಮಿಸಿಯೇ ಬಿಡುತ್ತೀರಿ, ನನ್ನ ಸ್ಥಿತಿ ನೋಡಿ. ಸುದ್ದಿ ಒಳ್ಳೆಯದಾದರೆ ನಾನು ಹೇಳುವುದೇ ಇಲ್ಲ. ಅದಕ್ಕೇ ಡಬ್ಬಿಯಲ್ಲಿ ಯಾವ ಚೀಟಿ ಇದೆಯೋ ನನಗೆ ಗೊತ್ತಿಲ್ಲದ ಈ ನಾಲ್ಕು ದಿನದಲ್ಲೇ ಬರೆದೆ.

ಗುರುವಾರ ಬೆಳಿಗ್ಗೆ ನನ್ನ ರೈಲು ವಾಡಿಯಲ್ಲಿ ನಿಲ್ಲುತ್ತದೆ. ಎಂದಿನಂತೆ ಮೂರನೆಯ ಡಬ್ಬಿಯ ಬಾಗಿಲಲ್ಲಿ ನಿಂತಿರುತ್ತೇನೆ. ಬೈಯಲಿಕ್ಕಾದರೂ ಬನ್ನಿ. ಬರದಿದ್ದರೆ ಅದನ್ನೂ ತಿಳಿದುಕೊಳ್ಳುತ್ತೇನೆ, ಮತ್ತೆ ಫೋನ್ ಮಾಡಿ ನಿಮ್ಮನ್ನು ಕಾಡುವುದಿಲ್ಲ. ಒಂದೇ ಒಂದು ಬೇಡಿಕೆ. ಈ ಸಲ ನನಗಾಗಿ ದುವಾ ಮಾಡಬೇಡಿ. ನಿಮಗಾಗಿ ಮಾಡಿಕೊಳ್ಳಿ, ಮೊದಲ ಸಾಲಿಗೆ ಹೋಗಿ ನಿಂತು ಮಾಡಿಕೊಳ್ಳಿ.

ನಿಮ್ಮ ಸೂಜಿಗೆ ದಾರ ಒಂದೇ ಸಲಕ್ಕೆ ಏರಲಿ, ನಿಮ್ಮ ಕಣ್ಣು, ಕೈ, ಮನೆ ತಣ್ಣಗಿರಲಿ. ಕಾಗದವನ್ನು ಲಕೋಟೆಗೆ ಹಾಕುವಾಗ ರೂಢಿಬಲದಿಂದ ಬೆರಳು ಅದರ ಮೂಲೆಗೆ ಹೋಯಿತು. ಮಡಚಿಲ್ಲ.

ಇಂತಿ ನಿಮ್ಮವನು ಅನ್ನಲು ನಿಮ್ಮ ಅಪ್ಪಣೆಗೆ ಕಾದಿರುವ,
ಧರ್ಮಣ್ಣ