ಬೂದಿ ತುಳಿದ ಬೆಕ್ಕು

ಶ್ರೀರಂಗಪಟ್ಟಣ
16-11-2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ ಹೇಮಳ ನಮಸ್ಕಾರ.

ಮಂಡಿ ನೋವು ಹೇಗಿದೆ? ಬಿಂಡಿಗನವಿಲೆಯ ಚಳಿಗೆ ಅದು ಹೆಚ್ಚುತ್ತದೆಂದು ಗೊತ್ತಿದ್ದೂ ನೀನು ಶಾಲು ಇಲ್ಲೇ ಬಿಟ್ಟು ಹೋಗಿದ್ದೀಯ. ಕುಳ್ಳಯ್ಯ ಮಾವನ ಕೈಲಿ ಕಳಿಸುತ್ತೇನೆ, ಹೊದ್ದುಕೋ, ಅತ್ತೆ ಕೇಳಿದರೆಂದು ಅವರಿಗೆ ಕೊಟ್ಟುಬಿಡಬೇಡ. ರಾತ್ರಿ ಊಟ ಬಿಡುತ್ತಿದ್ದೀಯಂತೆ, ಮಾವ ಹೇಳಿದರು. ಅವರು ಬೆಳಿಗ್ಗೆ ಬಂದು ರಾಗಿ ಮೂಟೆ ಇಳಿಸಿ, ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡು, 'ಉಪ್ಪು ಒಂದ್ಕಲ್ಲು ಕಮ್ಮಿ ಕಣವ್ವ' ಎಂದು ನನ್ನ ಅಡಿಗೆಗೆ ಒಂದು ಮಾತು ಸೇರಿಸಿ, ಈಗ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ಎದ್ದ ಕೂಡಲೇ ನಾಗಮಂಗಲದ ಬಸ್ಸಿಗೆ ಹೊರಡುತ್ತಾರೆ, ಅಷ್ಟರಲ್ಲಿ ಇದನ್ನು ಮುಗಿಸಬೇಕು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಮಾವನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಅತ್ತೆ, ಅತ್ತೆಯ ಮಕ್ಕಳು, ಹಟ್ಟಿಯ ಕುರಿಗಳು ಎಲ್ಲ ಕೇಳಿಸಿಕೊಳ್ಳುತ್ತವೆ. ಮೇಲಾಗಿ ನೀನು ಫೋನಿನಲ್ಲಿ ಕೇಳುವುದು ಒಂದೇ ಮಾತು. 'ಉಂಡ್ರಾ ಅವ್ರು?' ನಾನು ಉಂಡೆನಾ ಎಂದಲ್ಲ, ಬೆಕ್ಕು ಉಂಡಿತಾ ಎಂದು. 'ಉಂಡರು' ಎನ್ನುತ್ತೇನೆ. ಫೋನು ಅತ್ತೆಯ ಕೈಗೆ ಹೋಗುತ್ತದೆ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಬೆಳಿಗ್ಗೆ ಏಳುತ್ತೇನೆ, ಮೈಸೂರಿನ ರೈಲು ಹತ್ತುತ್ತೇನೆ, ಕಾಲೇಜಿನಲ್ಲಿ ಚಿತ್ರ ಬರೆಯುತ್ತೇನೆ, ಸಂಜೆ ಬಂದು ಅನ್ನಕ್ಕಿಡುತ್ತೇನೆ. ರಾತ್ರಿ ಪಕ್ಕದ ಮನೆಯಿಂದ ದೊಡ್ಡತಾಯಮ್ಮಜ್ಜಿ ಚಾಪೆ ಸುತ್ತಿಕೊಂಡು ಬಂದು ಜೊತೆಗೆ ಮಲಗುತ್ತಾರೆ. ಹಿಂದಿನ ಬೀದಿಯ ಸ್ನೇಹಳಿಗೆ ಹೆರಿಗೆಯಾಗಿದೆ, ಮಗುವಿಗೆ ಎಣ್ಣೆ ನೀರು ಹಾಕಲು ಜಯಲಕ್ಷ್ಮಮ್ಮ ಯಾವಾಗ ಬರ್ತಾರೆ ಎಂದು ಅವಳ ಅತ್ತೆ ದಿನಾ ಕೇಳುತ್ತಾರೆ. ನೀನು ಕೈ ಹಾಕದ ಬಾಣಂತನ ಈ ಸುತ್ತಿನಲ್ಲಿ ಇದೇ ಮೊದಲಿರಬೇಕು. ಅಪ್ಪನ ಜಾಗಕ್ಕೆ ನೀರು ಬಿಡಲು ಬಂದಿರುವವನು ಹೊಸಬ. ವಾಲ್ವನ್ನು ಒಂದೇ ಸಲಕ್ಕೆ ತಿರುಗಿಸುತ್ತಾನೆ, ನಲ್ಲಿಗಳೆಲ್ಲ ಮೊದಲು ಬುಸುಗುಟ್ಟಿ ಗಾಳಿ ಉಗುಳುತ್ತವೆ. ಚಲುವರಾಜು ಹೀಗೆ ಮಾಡ್ತಿರಲಿಲ್ಲ ಎಂದು ಎದುರು ಮನೆಯವರು ಹೇಳುತ್ತಾರೆ. ಹೌದು ಎನ್ನುತ್ತೇನೆ, ಬಿಂದಿಗೆ ತುಂಬಿಸಿಕೊಂಡು ಒಳಗೆ ಬರುತ್ತೇನೆ. ಅಳು ಬರುವುದಿಲ್ಲ. ಅವತ್ತಿನಿಂದಲೂ ಬಂದಿಲ್ಲ, ನಿನಗೆ ಗೊತ್ತು. 'ಕಲ್ಲಾಗ್ಬುಟ್ಟವ್ಳೆ ಮಗ' ಎಂದು ನೀನು ಅತ್ತೆಯ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ಬೇಜಾರಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಇಂಜೆಕ್ಷನ್ ಕೊಟ್ಟರೆ ದವಡೆ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಿದೆ.

ಈಗ ಬೆಕ್ಕಿನ ವಿಷಯ. ತಿಥಿಯ ಹಿಂದಿನ ಸಂಜೆ ದೊಡ್ಡತಾಯಮ್ಮಜ್ಜಿ ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದರು. ಅಪ್ಪ ಮಲಗುತ್ತಿದ್ದ ಕೋಣೆಯಲ್ಲಿ ದೀಪ ಹಚ್ಚಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಸುತ್ತ ಆ ಬೂದಿ ಹರಡಿ ಬಾಗಿಲು ಹಾಕಿದೆವು. ಹೋದವರು ಯಾವ ರೂಪದಲ್ಲಿ ಬಂದು ಉಂಡು ಹೋದರೆಂದು ಬೂದಿಯ ಮೇಲಿನ ಗುರುತು ನೋಡಿ ತಿಳಿಯುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ತಾತ ಹೋದಾಗ ಹಕ್ಕಿಯ ಹೆಜ್ಜೆ ಬಂದಿತ್ತಂತೆ. ಬೆಳಿಗ್ಗೆ ಬಾಗಿಲು ತೆಗೆದರೆ ಬೂದಿಯ ತುಂಬ ಬೆಕ್ಕಿನ ಹೆಜ್ಜೆ, ಎಲೆಯ ಮೇಲಿನ ಹುರಿದ ಮೀನು ಮಾಯ. 'ಬಂದಿದ್ದ ಕಣೆ. ನಿನ್ ಗಂಡ ಬೆಕ್ಕಾಗಿ ಬಂದು ಉಂಡ್ಕೊಂಡು ಹೋಗವ್ನೆ' ಎಂದು ಅಜ್ಜಿ ಹೇಳಿದ್ದೇ ತಡ, ನೀನು ಆ ಬೂದಿಯ ಮುಂದೆ ಕುಸಿದು ಕುಳಿತೆ. ಹಿಂದಿನ ಕಿಟಕಿಯ ಒಂದು ಗಾಜು ಒಡೆದು ವರ್ಷವಾಯಿತು, ಅದು ನಿನಗೂ ಗೊತ್ತು, ನನಗೂ ಗೊತ್ತು. ಆ ಹೊತ್ತಿನಲ್ಲಿ ಕಿಟಕಿಯ ಮಾತು ಯಾರಿಗೂ ಬೇಕಿರಲಿಲ್ಲ. ನನಗೂ ಬೇಕಿರಲಿಲ್ಲ.

ಆಮೇಲೆ ಅದು ಬಂದೇ ಬಂತು. ಒಂದು ಸಲ ಮೀನು ಸಿಕ್ಕಿದ ಮನೆಗೆ ಬೆಕ್ಕು ಬಾರದೆ ಇರುತ್ತದೆಯೇ. ಕಂದು ಮೈ, ಕಪ್ಪು ಪಟ್ಟೆ, ಎಡಗಿವಿಯ ತುದಿ ಹರಿದದ್ದು. ನೀನು ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಲಿ ಹಾಲಿನ ಬಟ್ಟಲು, ಇನ್ನೊಂದು ಕೈಲಿ ಊದುಬತ್ತಿ ಹಿಡಿದು 'ಬನ್ನಿ' ಎಂದು ಎದುರಿಗೆ ಹೋದರೆ ಅದು ಗೋಡೆ ಹಾರಿ ಓಡಿತು. ಮಾರನೆಯ ದಿನವೂ ಅದೇ ಹಾಡು. ನಾನು ಸುಮ್ಮನೆ ಕುಳಿತಿದ್ದರೆ ಬಂದು ಪಕ್ಕದಲ್ಲಿ ಮಲಗುತ್ತಿತ್ತು, ನೀನು ಬಟ್ಟಲು, ಬತ್ತಿ ಹಿಡಿದು ಬಾಗಿಲಿಗೆ ಬಂದರೆ ಎದ್ದು ಹೋಗುತ್ತಿತ್ತು. ಅದಕ್ಕೆ ನೀನು ಕಟ್ಟಿಕೊಂಡ ಅರ್ಥವೇ ಬೇರೆ. 'ನನ್ ಮ್ಯಾಲೆ ಸಿಟ್ಟು ಇನ್ನೂ ಇಳ್ದಿಲ್ಲ ಕಣವ್ವ. ನಾನಿದ್ರೆ ಒಳೀಕೆ ಬರಾಕಿಲ್ಲ ಅವ್ರು.' ಎಲ್ಲ ಆ ಬೆಳಗಿನ ಕಾಫಿಯಿಂದ. ಕತ್ತಲಿರುವಾಗಲೇ ನೀರು ಬಿಡಲು ಹೊರಟ ಅಪ್ಪ ಒಂದು ಲೋಟ ಕಾಫಿ ಕೇಳಿದರು. ನೀನು ಮುಸುಕು ಎಳೆದುಕೊಂಡು, 'ಬೇಕಾದ್ರೆ ಕಾಯಿಸ್ಕೊಳಿ, ನಾನೇನು ಹೋಟ್ಲು ಮಡಗಿದ್ದೀನಾ' ಎಂದೆ. ಅವರು ಹಾಗೆಯೇ ಹೋದರು, ವಾಲ್ವಿನ ಗುಂಡಿಯ ಪಕ್ಕದಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಹೋಟ್ಲಿನ ಮಾತನ್ನು ನೀನು ಅದೆಷ್ಟು ಸಲ ಹೇಳಿದ್ದೀಯೋ, ಅವರು ಅಷ್ಟು ಸಲವೂ ನಕ್ಕು, 'ಬಿಲ್ಲು ಎಷ್ಟಾಯ್ತು' ಎಂದಿದ್ದಾರೆ. ನಿನಗೆ ಈಗ ನೆನಪಿರುವುದು ಕೊನೆಯ ಸಲದ್ದು ಮಾತ್ರ. ದಸರಾಕ್ಕೆ ಮುಂಚೆ 'ನಾಕ್ ದಿನ ಇದ್ದು ಬತ್ತೀನಿ' ಎಂದು ಎಲ್ಲರೆದುರು ಹೇಳಿ ಮಾವನ ಜೊತೆ ಹೊರಟವಳು, ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದು ಬೇರೆ. 'ನಾನಿಲ್ದೆ ಇದ್ರೆ ಅವ್ರು ನೆಮ್ಮದಿಯಾಗಿ ಉಣ್ತಾರೆ.' ಬೆಕ್ಕು ನೆಮ್ಮದಿಯಾಗಿ ಹಾಲು ಕುಡಿಯಲೆಂದು ನನ್ನಮ್ಮ ಮನೆ ಬಿಟ್ಟು ಹೋಗಿದ್ದಾಳೆ ಎಂದು ನಾನು ಯಾರಿಗೆ ಹೇಳಲಿ? ಯಾರಿಗೂ ಹೇಳಿಲ್ಲ.

ನಾನು ಆ ಬೆಕ್ಕನ್ನೇ ಬರೆಯುತ್ತಿದ್ದೇನೆಂದು ನಿನಗೆ ಹೇಳಿರಲಿಲ್ಲ. ಕಾಲೇಜಿನಲ್ಲಿ ನಾಗಾರ್ಜುನ ಸರ್ ಈ ಸಲ ಕೊಟ್ಟಿರುವ ಅಸೈನ್‌ಮೆಂಟು ಹೀಗಿದೆ. ಯಾವುದಾದರೂ ಒಂದೇ ಪ್ರಾಣಿಯನ್ನು ಆರಿಸಿಕೊಂಡು, ವಾರವಾರವೂ ಅದರ ಎದುರು ಕೂತು, ನೋಡಿ ಬರೆಯಬೇಕು. ಒಂದೊಂದು ಸಲವೂ ಬೇರೆ ಬೇರೆ ಸಾಮಾನಿನಲ್ಲಿ. ಫೋಟೊ ನೋಡಿ ಬರೆಯುವ ಹಾಗಿಲ್ಲ. ಯಾರೋ ಕುದುರೆ ಎಂದರು, ಯಾರೋ ನವಿಲು ಎಂದರು, ಕೆ.ಆರ್. ಪೇಟೆಯ ಪ್ರಿಯಾಂಕ ತಮ್ಮ ಮನೆಯ ಎಮ್ಮೆ ಎಂದಳು. ನಾನು ಬೆಕ್ಕು ಎಂದೆ. ಪ್ರೀತಿಯಿಂದಲ್ಲ ಅಮ್ಮ, ಮನೆಯಲ್ಲಿ ನನ್ನ ಎದುರು ಕೂರಲು ಉಳಿದಿದ್ದದ್ದು ಅದೊಂದೇ. ಪೆನ್ಸಿಲಿನಲ್ಲಿ ಬರೆದೆ. ಇದ್ದಿಲಿನಲ್ಲಿ ಬರೆದೆ. ಜಲವರ್ಣದಲ್ಲಿ ಪಟ್ಟೆಗಳೆಲ್ಲ ಒಂದರೊಳಗೊಂದು ಹರಿದು, ಬೆಕ್ಕು ಹೋಗಿ ಹಲಸಿನ ಹಣ್ಣಾಯಿತು. ಅಚ್ಚು ತೆಗೆಯಲು ಲಿನೊ ಹಾಳೆ ಕೊರೆಯುವಾಗ ಉಳಿ ಜಾರಿ ಹೆಬ್ಬೆರಳು ಕೊಯ್ದುಕೊಂಡೆ, ತಿಳಿದದ್ದು ರಕ್ತ ಕಂಡ ಮೇಲೆ. ಹೊಳೆಯ ಜೇಡಿಮಣ್ಣಿನಲ್ಲಿ ಒಂದು ಮಾಡಿದೆ, ಒಣಗುವಾಗ ಬಾಲ ಬಿದ್ದುಹೋಯಿತು, ಮತ್ತೆ ಅಂಟಿಸಲಿಲ್ಲ. ಕೊನೆಗೆ ಬಚ್ಚಲ ಒಲೆಯ ಬೂದಿಗೆ ಗೋಂದು ಕಲಸಿ ಒಂದು ಬರೆದೆ. ಯಾಕೆ ಬೂದಿ ಎಂದು ಸರ್ ಕೇಳಿದರು. ಮನೆಯಲ್ಲಿತ್ತು ಎಂದೆ. ಚೆನ್ನಾಗಿದೆ ಎಂದರು, ಮಾರ್ಕ್ಸು ಹಾಕಿದರು. ಮೊದಲಾಗಿದ್ದರೆ ನಾನು ಸಂತೋಷಕ್ಕೆ ರೈಲಿನಲ್ಲಿ ಸೀಟು ಬಿಟ್ಟುಕೊಡುತ್ತಿದ್ದೆ. ಈಗ ಹಾಳೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಒಂದರಲ್ಲೂ ಕಣ್ಣು ಬರೆದಿರಲಿಲ್ಲ. 'ಕಣ್ಣು ನೋಡವ್ವ, ಥೇಟು ಅವ್ರದೇಯ' ಎಂದು ನೀನು ಹೇಳಿದ ಮೇಲೆ ನಾನು ಅದರ ಮುಖ ನೋಡುವುದನ್ನೇ ಬಿಟ್ಟಿದ್ದೆ. ಅಪ್ಪ ಕಂಡುಬಿಟ್ಟರೆ ಏನು ಮಾಡುವುದು ಎಂದು ಒಂದು ಭಯ, ಕಾಣದಿದ್ದರೆ ನಿನಗೆ ಏನು ಹೇಳುವುದು ಎಂದು ಇನ್ನೊಂದು. ಬೆನ್ನು, ಹೊಟ್ಟೆ, ಪಂಜ, ಕಿವಿ ಇಷ್ಟನ್ನೇ ಬರೆದು ಕಣ್ಣಿನ ಜಾಗದಲ್ಲಿ ಬರೀ ಹಾಳೆ ಬಿಡುತ್ತಿದ್ದೆ. ಸರ್ ಅದನ್ನು ಹೊಸ ಶೈಲಿ ಎಂದುಕೊಂಡಿದ್ದರು, ನಾನೂ ಹಾಗೆಯೇ ಇರಲಿ ಎಂದುಕೊಂಡೆ.

ಮೊನ್ನೆ ಶುಕ್ರವಾರ ಸರ್ ಎಲ್ಲರ ಹಾಳೆಗಳನ್ನೂ ಮೊದಲ ವಾರದಿಂದ ಈ ವಾರದವರೆಗೆ ನೆಲದ ಮೇಲೆ ಸಾಲಾಗಿ ಹರಡಿಸಿದರು. ನನ್ನ ಸಾಲಿನ ಮುಂದೆ ನಿಂತು, 'ಇದೇನಮ್ಮ, ಬರ್ತಾ ಬರ್ತಾ ನಿನ್ನ ಬೆಕ್ಕು ದಪ್ಪ ಆಗ್ತಾ ಇದೆ? ಅಳತೆ ತಪ್ಪಿದ್ದೀಯ' ಎಂದರು. ಪ್ರಿಯಾಂಕ ಬಗ್ಗಿ ನೋಡಿ, 'ಅಳ್ತೆ ಸರ್ಯಾಗೇ ಅದೆ ಸಾರ್. ಬೆಕ್ಕು ಬಸ್ರಿ' ಎಂದಳು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಕೂತು ನೋಡಿದೆ. ಪೆನ್ಸಿಲಿನ ಹಾಳೆಯಲ್ಲಿ ಹೊಟ್ಟೆಯ ಗೆರೆ ನೆಟ್ಟಗಿದೆ, ಜಲವರ್ಣದಲ್ಲಿ ಇಳಿದಿದೆ, ಬೂದಿಯ ಚಿತ್ರದಲ್ಲಿ ನೆಲ ಮುಟ್ಟುತ್ತಿದೆ. ಅಷ್ಟು ವಾರವೂ ಎದುರಿಗೇ ಕೂತು ನೋಡಿ ಬರೆದವಳು ನಾನು, ಹಲಸಿನ ಹಣ್ಣಿನ ಹಾಗಿದೆ ಎಂದು ಬಣ್ಣವನ್ನು ಬೈದವಳೂ ನಾನು. ಕೈ ಎಲ್ಲವನ್ನೂ ಬರೆದಿತ್ತು, ತಲೆಗೆ ಮಾತ್ರ ಏನೂ ಹೋಗಿರಲಿಲ್ಲ.

ರೈಲಿನಲ್ಲಿ ಬರುವಾಗ ಯೋಚನೆಯೆಲ್ಲ ನಿನ್ನದೇ. ಬೆಕ್ಕು ಹೆಣ್ಣು ಎಂದು ಹೇಳಿದರೆ, ಒಂದು ಸಲ ಹೋದ ಅಪ್ಪ ನಿನ್ನ ಪಾಲಿಗೆ ಇನ್ನೊಂದು ಸಲ ಹೋದ ಹಾಗೆ. ಹೇಳದಿದ್ದರೆ ನೀನು ಬಿಂಡಿಗನವಿಲೆಯಲ್ಲೇ ಕೂತು 'ಉಂಡ್ರಾ' ಎಂದು ಕೇಳುತ್ತಿರುತ್ತೀಯ, ಈ ಮನೆಗೆ ಬರುವುದಿಲ್ಲ. ಮೊದಲು ಅಜ್ಜಿಗೆ ಹೇಳಿ ನೋಡಿದೆ. ಬೂದಿ ಹರಡಿದವರು ಅವರೇ ಅಲ್ಲವೇ, ತಪ್ಪಾಯಿತು ಎನ್ನುತ್ತಾರೇನೋ ಎಂದುಕೊಂಡರೆ, ಎಲೆ ಅಡಿಕೆ ಅಗಿಯುತ್ತಲೇ, 'ಆಗ್ಲಿ ಬುಡವ್ವ. ನೀನು ಹುಟ್ದಾಗ ಬಾಣಂತಿ ಕ್ವಾಣೆ ಬಾಗ್ಲಿಗೂ ಬಂದೋನಲ್ಲ ನಿಮ್ಮಪ್ಪ. ಈಗ್ಲಾದ್ರೂ ಗೊತ್ತಾಯ್ತದೆ' ಎಂದರು. ಅಜ್ಜಿಯ ಪಾಲಿಗೆ ಅಪ್ಪ ಹೆಣ್ಣಾಗಿ ಬರಲು ಏನೂ ಅಡ್ಡಿಯಿಲ್ಲ. ನಿನ್ನ ಪಾಲಿಗೆ ಹೇಗೋ ನನಗೆ ಗೊತ್ತಿಲ್ಲ.

ನಿನ್ನೆ ಅದರ ಎದುರು ಕೂತು ಕಣ್ಣು ಬರೆದೆ. ಹಳದಿ ಕಣ್ಣು, ನಡುವೆ ಕಪ್ಪು ಸೀಳು. ಅಪ್ಪ ಅಲ್ಲಿರಲಿಲ್ಲ ಅಮ್ಮ. ಹಸಿವಿತ್ತು, ಸುಸ್ತಿತ್ತು, ಅಷ್ಟೆ. ತುಂಬ ಹೊತ್ತು ನೋಡಿದರೂ ನನಗೆ ದುಃಖವಾಗಲಿಲ್ಲ, ಸಮಾಧಾನವೂ ಆಗಲಿಲ್ಲ. ಆದರೆ ಒಂದು ಗೊತ್ತಾಯಿತು. ಸಂಜೆ ದೇವರಿಗೆ ಊದುಬತ್ತಿ ಹಚ್ಚಿ ನಾನು ಅದರ ಕಡೆ ತಿರುಗಿದೆ, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಗೋಡೆ ಹಾರಿತು. ಅದು ಓಡುತ್ತಿದ್ದದ್ದು ನಿನ್ನನ್ನು ಕಂಡಲ್ಲ, ಆ ಹೊಗೆ ಕಂಡು. ನೀನು ಒಂದೇ ಒಂದು ದಿನ ಬರಿಗೈಲಿ ಹೋಗಿದ್ದರೆ ನಿನ್ನ ಪಕ್ಕದಲ್ಲೂ ಮಲಗುತ್ತಿತ್ತು. ಕಣ್ಣು ಬರೆದ ಹಾಳೆಯನ್ನು ಶಾಲಿನೊಳಗೆ ಸುತ್ತಿ ಕಳಿಸುತ್ತೇನೆ, ಸರ್‌ಗೆ ಉಳಿದವು ಸಾಕು. ನೋಡು. ನಿನಗೆ ಅದರಲ್ಲಿ ಅಪ್ಪ ಕಂಡರೆ ಕಾಣಲಿ, ನಾನು ಇಲ್ಲ ಎನ್ನುವುದಿಲ್ಲ. ಸಿಟ್ಟು ಮಾತ್ರ ಕಾಣುವುದಿಲ್ಲ, ಅದನ್ನು ನಾನು ಹುಡುಕಿ ನೋಡಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು ಕೊಡು. ರಾತ್ರಿ ಒಂದು ಹಿಡಿಯಾದರೂ ಅನ್ನ ಉಣ್ಣು, ಉಂಡು ಮಾತ್ರೆ ನುಂಗು.

ನಿನ್ನ ಮಗಳು
ಹೇ​ಮ

ಮತ್ತೆ: ಮಾವ ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಶಾಲು ತರಲು ಕೋಣೆಗೆ ಹೋದರೆ ಬೆಕ್ಕು ಮಂಚದ ಕೆಳಗಿತ್ತು. ಅಲ್ಲಿ ಅಪ್ಪನ ಬಟ್ಟೆಯ ಗಂಟೂ ಇದೆ, ನಿನ್ನ ಹಳೆಯ ಸೀರೆಯ ಗಂಟೂ ಇದೆ. ಅದು ಅಪ್ಪನ ಅಂಗಿಗಳನ್ನು ದಾಟಿಕೊಂಡು ಹೋಗಿ ನಿನ್ನ ಗಂಟನ್ನು ಕೆದರಿದೆ, ನೀನು ಅಡಿಗೆಮನೆಯಲ್ಲಿ ಉಡುತ್ತಿದ್ದ ಹಸಿರು ಸೀರೆಯೊಳಗೆ ಮಲಗಿದೆ. ಒಂದು ಮರಿ ಆಗಿದೆ, ಇನ್ನೊಂದು ಬರುತ್ತಿದೆ. ಅಪ್ಪನೇ ಆಗಿದ್ದರೆ, ಸಿಟ್ಟಿರುವವರು ಹೆರಿಗೆಗೆ ನಿನ್ನ ಸೀರೆ ಹುಡುಕಿಕೊಂಡು ಬರುತ್ತಿದ್ದರೇ? ಅಪ್ಪನಲ್ಲದಿದ್ದರೂ ಬಾಣಂತಿ ಬಾಣಂತಿಯೇ, ನನಗೆ ಏನು ಮಾಡಬೇಕೋ ಒಂದೂ ತಿಳಿಯದು. ಅಳು ಬರುತ್ತಿದೆ ಅಮ್ಮ, ನಿಲ್ಲುತ್ತಿಲ್ಲ. ಮಾವ ನೋಡಿ ಗಾಬರಿಯಾಗಿದ್ದಾರೆ, ನಿನಗೆ ಏನೇನೋ ಹೇಳಿದರೆ ನಂಬಬೇಡ. ನಾಳೆ ಮೊದಲ ಬಸ್ಸಿಗೆ ಬಂದುಬಿಡು. ಊದುಬತ್ತಿ ತರಬೇಡ.