ಮುರಿಯದ ಅಕ್ಕಿ

ಲಿಂಗದಹಳ್ಳಿ
೬ ಫೆಬ್ರುವರಿ ೨೦೨೫, ಗುರುವಾರ

ನನ್ನ ಭುವನಾ,

ಹೇಗಿದ್ದೀಯೆ ಮಗಳೇ? ಕಡೂರಿನಲ್ಲಿ ಚಳಿ ಇನ್ನೂ ಬಿಟ್ಟಿಲ್ಲವಂತೆ, ಬಲಗೈ ಹೋದ ಜಾಗ ಸೆಳೆಯುತ್ತದೆಯೇ? ಇಲ್ಲದ ಬೆರಳು ತುರಿಸುತ್ತವೆ ಎಂದು ಅಳುತ್ತಿದ್ದೆಯಲ್ಲ, ಅದು ಕಡಿಮೆಯಾಯಿತೇ? ಫೋನ್ ಮಾಡಿದರೆ ಎತ್ತುವುದಿಲ್ಲ ನೀನು, ಹಟಮಾರಿ. ಅದಕ್ಕೇ ಈ ಕಾಗದ. ನಾನು ಏಳನೇ ಕ್ಲಾಸಿನವಳು, ತಪ್ಪಿದ್ದರೆ ನಗಬೇಡ. ಎಡಗೈಯಲ್ಲಿ ಬರೆಯಲು ಬಂದಿದ್ದರೆ ನೀನೂ ಎರಡು ಸಾಲು ಬರೆ.

ಇಲ್ಲಿ ನಿನ್ನ ತಂಗಿ ಪ್ರಿಯಾಂಕಾಳ ಮದುವೆ ಕೆಲಸದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ತರೀಕೆರೆಯ ಛತ್ರದಲ್ಲಿ ಹದಿನಾರಕ್ಕೆ ಧಾರೆ. ನೆನ್ನೆ ಜಗಲಿಯಲ್ಲಿ ಹೆಂಗಸರೆಲ್ಲ ಕೂತು ಅಕ್ಷತೆಗೆ ಅಕ್ಕಿ ಆರಿಸುತ್ತಿದ್ದೆವು. ಅಜ್ಜಂಪುರದಿಂದ ಬೀಗಿತ್ತಿಯೂ ಬಂದಿದ್ದರು. ಮೊರದಲ್ಲಿ ಒಂದಿಷ್ಟು ನುಚ್ಚು ಉಳಿದಿತ್ತು. ಸಾಮಾನಿನ ಪಟ್ಟಿ ಕೊಡಲು ಬಂದಿದ್ದ ಪುರೋಹಿತರು ಅದನ್ನು ಆಚೆ ತಳ್ಳಿ, ಅಕ್ಷತೆ ಎಂಬ ಮಾತು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಿದರು. ಸಂಸ್ಕೃತದಲ್ಲಿ ಕ್ಷತ ಎಂದರೆ ಗಾಯ, ಮುರಿತ. ಅದಿಲ್ಲದ್ದು ಅಕ್ಷತ. ಇಡಿಯಾದ ಕಾಳು ತಲೆಯ ಮೇಲೆ ಬಿದ್ದರೆ ಬಾಳೂ ಇಡಿಯಾಗಿ ಉಳಿಯುತ್ತದೆಯಂತೆ. ನನಗೆ ಚೆಂದವೆನಿಸಿತು. ಎಷ್ಟು ಮದುವೆಗಳಲ್ಲಿ ಹಾಕಿದ್ದೇನೆ, ಅರ್ಥವೇ ಗೊತ್ತಿರಲಿಲ್ಲ ನೋಡು.

ಅಷ್ಟು ಸಾಕಾಯಿತು ಬೀಗಿತ್ತಿಗೆ. “ಹಂಗಾದ್ರೆ ನಿಮ್ ದೊಡ್ ಮಗಳು ಅಕ್ಷತೆ ಹಾಕೋ ಹಂಗಿಲ್ವಲ್ಲ. ಮಂಟಪದ ಹತ್ರ ಬರ್ದಿದ್ರೇ ಒಳ್ಳೇದು” ಎಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು ಕಣೇ. ತಾವು ಹೇಳಿದ್ದು ಅಕ್ಕಿಯ ಮಾತು, ಮನುಷ್ಯರದ್ದಲ್ಲ ಎಂದು ಪುರೋಹಿತರು ಗೊಣಗಿದರು, ಯಾರಿಗೂ ಕೇಳಿಸಲಿಲ್ಲ. ನಾನು ಮೊರ ಕೆಳಗಿಟ್ಟೆ. “ನನ್ ಮಗಳ ಕೈ ಅಕ್ಕಿ ಮಿಲ್ಲಿನ ಬೆಲ್ಟಿಗೆ ಹೋಯ್ತು ಕಣ್ರೀ, ಕದಿಯಕ್ಕೋಗಿ ಹೋಗ್ಲಿಲ್ಲ. ಗಾಯ ಇಲ್ದೋರು ಯಾರಿದೀರಿ ಇಲ್ಲಿ, ಎದ್ ನಿಂತ್ಕಳ್ರಿ” ಎಂದೆ. ಯಾರೂ ಏಳಲಿಲ್ಲ. ಅದೇ ಗದ್ದೆಯ ಭತ್ತ, ಅದೇ ಮಿಲ್ಲು. ಒಂದು ಕಾಳು ಮುರಿಯಿತು, ಇನ್ನೊಂದು ಉಳಿಯಿತು. ಉಳಿದದ್ದಕ್ಕೇನು ಕೋಡು ಮೂಡಿದೆಯೇ? ಕೊನೆಗೆ ಬೀಗಿತ್ತಿಯೇ ಮೆತ್ತಗಾದರು. “ಬರ್ಲಿ ಬಿಡ್ರಮ್ಮ, ಬೇಡ ಅಂದೋರ್ಯಾರು” ಎಂದು ಕಾಫಿ ಕುಡಿದು ಬಸ್ಸು ಹತ್ತಿದರು.

ಆದ್ದರಿಂದ ನೀನು ಬಾ. ಹಿಂದಿನ ದಿನವೇ ಬಾ. ನಿನ್ನ ನೀಲಿ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದೇನೆ, ನಾನೇ ಉಡಿಸಿ ಪಿನ್ನು ಹಾಕುತ್ತೇನೆ. ನನ್ನ ಪಕ್ಕದಲ್ಲೇ ನಿಂತು ಎಡಗೈಯಿಂದಲೇ ಅಕ್ಷತೆ ಹಾಕು, ಯಾರು ಏನನ್ನುತ್ತಾರೋ ನೋಡಿಯೇಬಿಡೋಣ. ಬಸ್‌ಸ್ಟ್ಯಾಂಡಿಗೆ ನಿಮ್ಮಪ್ಪ ಬರುತ್ತಾರೆ. ನಿನ್ನ ಹೆಸರೆತ್ತಿದರೆ ಸಾಕು, ಅವರು ಕಣ್ಣೊರೆಸಿಕೊಳ್ಳಲು ಎದ್ದು ಹಿತ್ತಲಿಗೆ ಹೋಗುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು ತಾಯಿ. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ ಅಮ್ಮ,
ದುರ್ಗಮ್ಮ

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಪ್ರಿಯಾಂಕಾ ಬಂದು ಓದಿದಳು. ಆಮೇಲೆ, “ಅಕ್ಕ ಬಂದ್ರೆ ಎಲ್ರೂ ಅವಳ ಕೈನೇ ನೋಡ್ತಾರೆ ಕಣಮ್ಮ. ಅವತ್ತೊಂದಿನ ನನ್ನ ನೋಡ್ಲಿ ಬಿಡು. ಬರಬೇಡ ಅಂತ ಬರಿ” ಎಂದಳು. ಹೇಳಿ ಅಳುತ್ತಾ ಕೂತಿದ್ದಾಳೆ. ಬೀಗಿತ್ತಿಯ ಮುಂದೆ ಎದ್ದ ಬಾಯಿ ಇವಳ ಮುಂದೆ ಏಳಲಿಲ್ಲ. ಇವಳೂ ನಾನು ಹೆತ್ತವಳೇ. ಮೇಲೆ ಬಾ ಎಂದು ಬರೆದದ್ದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ಆದರೆ ಬರಬೇಡ ಮಗಳೇ.